ಹೊಗಳುವವನ ಋಣ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ತಂಗಿಯ ಮಗ ತನ್ನ ಮೊಬೈಲಿನಲ್ಲಿ ಎಲ್ಲಿಂದಲೋ ಒಂದು ಹಳೆಯ ಚಿತ್ರವನ್ನು ಹುಡುಕಿ ತೆಗೆದು ಮನೆಯವರಿಗೆಲ್ಲ ತೋರಿಸಿದ. ನಮ್ಮ ನಾಡು ಇನ್ನೂ ಮೈಸೂರು ರಾಜ್ಯವೆಂದು ಕರೆಸಿಕೊಳ್ಳುತ್ತಿದ್ದ ಕಾಲದ್ದು. ಎಂದರೆ 1973ಕ್ಕೆ ಹಿಂದಿನದು. ಹೊರಗಿನವರನ್ನು ಇತ್ತ ಬನ್ನಿರೆಂದು ಕರೆಯುವುದಕ್ಕಾಗಿ ತೆಗೆದ ಪ್ರವಾಸಚಿತ್ರ. ಇಂಥ ಚಿತ್ರಗಳ ಜಾಡು ಎಲ್ಲರಿಗೂ ಗೊತ್ತಿರುವುದೇ. ಮೊದಲು ಅರಮನೆ, ದಸರೆಯ ಆನೆ. ಆಮೇಲೆ ಬೇಲೂರಿನ ಮದನಿಕೆಯರು, ಶ್ರವಣಬೆಳಗೊಳದ ಗೊಮ್ಮಟ. ಅಲ್ಲಿಂದ ಮುಂದೆ ಗಂಧದ ಕೊರಡು, ರೇಷ್ಮೆಯ ಮಗ್ಗ, ಭದ್ರಾವತಿಯ ಕುಲುಮೆ, ಕೋಲಾರದ ಚಿನ್ನ. ಕೊನೆಗೆ ಜೋಗ. ಎಂಟುನೂರ ಮೂವತ್ತು ಅಡಿ ಎತ್ತರದಿಂದ ಶರಾವತಿ ನಾಲ್ಕು ಕವಲಾಗಿ ಧುಮುಕುವ ನೋಟ. ಅದು ಕಣ್ಣಿನಿಂದ ಮರೆಯಾಗುವ ಮೊದಲೇ ದೊಡ್ಡದೊಂದು ವಿದ್ಯುದಾಗಾರ, ಸಾಲಾಗಿ ತಿರುಗುವ ಯಂತ್ರಗಳು, ದೀಪ ಹತ್ತಿದ ನಗರ. ಹಿನ್ನೆಲೆಯಲ್ಲಿ ಗಂಭೀರವಾದ ಒಂದು ಕಂಠ. ಆ ಕಂಠಕ್ಕೆ ದುಃಖವೆಂಬುದು ಜನ್ಮದಲ್ಲಿ ತಾಕಿದಂತಿರಲಿಲ್ಲ.

ನಾವೆಲ್ಲ ಚೆನ್ನಾಗಿದೆ ಎಂದೆವು. ಅಮ್ಮ ಮಾತ್ರ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, "ಚೆನ್ನಾಗಿದೆ. ಆದರೆ ಆ ನೀರು ಎಲ್ಲಿ ನಿಂತಿತ್ತು ಅಂತ ತೋರಿಸಲೇ ಇಲ್ಲವಲ್ಲ ಮಗಾ?" ಎಂದರು.

ಈ ಮಾತು ಅರ್ಥವಾಗಬೇಕಾದರೆ ಒಂದು ಸಂಗತಿ ಹೇಳಬೇಕು. ಅಮ್ಮನ ತವರು ಶರಾವತಿಯ ಕಣಿವೆಯಲ್ಲಿತ್ತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ನೀರು ಹಿಂದಕ್ಕೆ ಏರಿದಾಗ ಆ ಮನೆ, ಅಂಗಳದ ತುಳಸಿಕಟ್ಟೆ, ಅಡಕೆಯ ತೋಟ, ಅಜ್ಜ ದಿನವೂ ಸ್ನಾನ ಮಾಡುತ್ತಿದ್ದ ಹೊಳೆಯ ಸೋಪಾನ ಎಲ್ಲವೂ ಅದರ ಅಡಿಗೆ ಹೋದವು. ಆಗ ಅಮ್ಮನಿಗೆ ಹದಿನಾಲ್ಕು ವರ್ಷ. ನಮ್ಮ ಕಡೆ ಅದಕ್ಕೆ 'ಮುಳುಗಡೆ' ಎನ್ನುತ್ತಾರೆ. ಯಾವ ಊರು, ಯಾವಾಗ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ; ಸಾಗರ, ಹೊಸನಗರದ ಕಡೆಯ ಹಿರಿಯರ ಮುಂದೆ ಆ ಒಂದು ಮಾತು ಸಾಕು. ಸಾವಿರಾರು ಕುಟುಂಬಗಳು ಎದ್ದು ಹೋದವು. ಅವುಗಳಲ್ಲಿ ಹಲವಕ್ಕೆ ಹೋದಲ್ಲಿನ ಭೂಮಿಯ ಹಕ್ಕಿನ ತಕರಾರು ಆರು ದಶಕ ಕಳೆದರೂ ಪೂರ್ತಿ ತೀರಿಲ್ಲ.

ಅಮ್ಮನ ಮಾತಿನಲ್ಲಿ ಕೋಪವಿರಲಿಲ್ಲ. ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ ಎಂದು ಹೇಳುವವರ ಧ್ವನಿಯಲ್ಲಿಯೇ ಹೇಳಿದರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಚಿತ್ರದಲ್ಲಿ ತೋರಿಸಿದ್ದರಲ್ಲಿ ಒಂದಾದರೂ ಸುಳ್ಳಿತ್ತೆ? ಇರಲಿಲ್ಲ. ಜೋಗ ನಿಜ, ಯಂತ್ರ ನಿಜ, ದೀಪ ನಿಜ. ಆ ದೀಪದ ಕೆಳಗೆ ಕುಳಿತು ಓದಿಯೇ ನಾನು ಎಂ.ಎ. ಮುಗಿಸಿದ್ದು. ಹಾಗಾದರೆ ನಿಜಗಳನ್ನೇ ಸಾಲಾಗಿ ಜೋಡಿಸಿದ ಮೇಲೂ ಏನೋ ಒಂದು ಸುಳ್ಳು ಉಳಿದುಕೊಳ್ಳಬಲ್ಲದೆ? ಹೊಗಳುವವನು ತಾನು ಬಿಟ್ಟದ್ದಕ್ಕೂ ಹೊಣೆಗಾರನೆ? ಈ ಪ್ರಶ್ನೆಯನ್ನು ಓದುಗರ ಮುಂದೆ ಬಿಚ್ಚಿ ನೋಡಬೇಕೆಂದು ನನ್ನ ಆಸೆ.

ಮೊದಲು ಹೊಗಳುವವನ ಪರವಾಗಿ ಹೇಳಬಹುದಾದುದನ್ನು ಹೇಳಿಬಿಡೋಣ, ಅದು ಸಣ್ಣದೇನಲ್ಲ. ಮನೆಗೆ ಅತಿಥಿ ಬಂದರೆ ನಾವು ಜಗುಲಿಯಲ್ಲಿ ಚಾಪೆ ಹಾಸುತ್ತೇವೆ, ಹಿತ್ತಲಿನ ಬಚ್ಚಲಗುಂಡಿಯ ಹತ್ತಿರ ಅಲ್ಲ. ಬಂದವನಿಗೆ ಬೆಲ್ಲ ನೀರು ಕೊಡುವಾಗ ಬೆಲ್ಲದ ಅಂಗಡಿಯ ಬಾಕಿಯನ್ನು ಹೇಳುವುದಿಲ್ಲ. ಇದನ್ನು ಮೋಸ ಎಂದು ಯಾರೂ ಕರೆದಿಲ್ಲ. ಮರ್ಯಾದೆ ಎಂದು ಕರೆದಿದ್ದಾರೆ. ಅತಿಥಿಗೂ ಗೊತ್ತು, ಎಲ್ಲ ಮನೆಗೂ ಒಂದು ಹಿತ್ತಲು ಇದ್ದೇ ಇರುತ್ತದೆಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಲ್ಲಿ ನಗೆಯಿದೆ, ಆದರೆ ಆ ಮುದ್ದಿಲ್ಲದೆ ಯಾವ ಮಗುವೂ ಬೆಳೆಯುವುದಿಲ್ಲ. ನಾಡಿಗೂ ಅಷ್ಟೆ. ಹತ್ತು ನಿಮಿಷದ ಪ್ರವಾಸಚಿತ್ರ ನಾಡಿನ ಇತಿಹಾಸವಲ್ಲ. ಅದೊಂದು ಆಮಂತ್ರಣ ಪತ್ರಿಕೆ. ಮದುವೆಯ ಪತ್ರಿಕೆಯಲ್ಲಿ ಮದುವೆಗೆ ಮಾಡಿದ ಸಾಲವನ್ನು ಅಚ್ಚು ಹಾಕಿಸು ಎಂದು ಯಾರಾದರೂ ಕೇಳುತ್ತಾರೆಯೆ?

ಈ ವಾದವನ್ನು ನಾನು ಬಹುಕಾಲ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡು ಆಚರಿಸಿಯೂ ಇದ್ದೆ. ಅದರ ಫಲವನ್ನು ಹೇಳುವುದು ನನಗೆ ಗೌರವದ ಮಾತಲ್ಲ, ಆದರೂ ಹೇಳುತ್ತೇನೆ.

ಹಿಂದೆ ನಾನು ಕೆಲಸದಲ್ಲಿದ್ದ ಒಂದು ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಪರಿಚಯ ಪುಸ್ತಿಕೆಯನ್ನು ಬರೆಯುವ ಕೆಲಸ ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ ನನ್ನ ಪಾಲಿಗೆ ಬಂತು. ಬರೆದೆ. ಸುತ್ತಲಿನ ಹಸುರು, ವಿಶಾಲವಾದ ಆಟದ ಬಯಲು, ಹತ್ತು ಸಾವಿರ ಗ್ರಂಥಗಳ ಭಂಡಾರ. ಪ್ರತಿಯೊಂದು ವಾಕ್ಯವೂ ನಿಜ. ಗ್ರಂಥಪಾಲಕರ ಹುದ್ದೆ ಖಾಲಿ ಬಿದ್ದು ಎರಡು ವರ್ಷಗಳಿಂದ ಆ ಭಂಡಾರಕ್ಕೆ ಬೀಗ ಹಾಕಿತ್ತೆಂಬುದನ್ನು ಬರೆಯಲಿಲ್ಲ. ಯಾರೂ ಬರೆಯಬೇಡಿ ಎನ್ನಲೂ ಇಲ್ಲ, ನನಗೇ ತೋಚಲಿಲ್ಲ. ಆ ವರ್ಷ ದೂರದ ಹಳ್ಳಿಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ಹತ್ತಿರದಲ್ಲಿಯೇ ಇನ್ನೊಂದು ಕಾಲೇಜಿತ್ತು. ಪುಸ್ತಕದ ಆಸೆಗೆ ನಮ್ಮಲ್ಲಿಗೆ ಬಂದಿದ್ದಳು. ಒಂದು ತಿಂಗಳು ಕಳೆದ ಮೇಲೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಪುಸ್ತಕ ಇವೆ ಅಂತ ಬರೆದಿದ್ದಿರಿ" ಎಂದಳು. "ಇವೆಯಲ್ಲಮ್ಮ" ಎಂದೆ. "ಬೀಗ ಇದೆ ಅಂತ ಬರೆದಿರಲಿಲ್ಲ ಸಾರ್" ಎಂದಳು. ಅಷ್ಟು ಹೇಳಿ ಹೊರಟುಹೋದಳು. ಮುಂದಿನ ವರ್ಷ ಬೀಗ ತೆಗೆದರು. ಅಷ್ಟರಲ್ಲಿ ಅವಳ ಮೊದಲ ವರ್ಷ ಕಳೆದುಹೋಗಿತ್ತು.

ಜಗುಲಿಗೂ ಪುಸ್ತಿಕೆಗೂ ಇರುವ ಭೇದ ನನಗೆ ಅಂದು ತಿಳಿಯಿತು. ಜಗುಲಿಯಲ್ಲಿ ಕುಳಿತ ಅತಿಥಿ ಮಜ್ಜಿಗೆ ಕುಡಿದು ಎದ್ದು ಹೋಗುತ್ತಾನೆ. ನಮ್ಮ ಹಿತ್ತಲು ಅವನ ಬಾಳನ್ನು ಮುಟ್ಟುವುದಿಲ್ಲ. ಪುಸ್ತಿಕೆಯನ್ನು ಓದಿದ ಹುಡುಗಿಯಾದರೋ ಅದನ್ನು ನಂಬಿ ತನ್ನ ಬಾಳಿನ ಒಂದು ವರ್ಷವನ್ನು ನಮ್ಮ ಕೈಗೆ ಕೊಟ್ಟಳು. ಹೆಣ್ಣು ನೋಡಲು ಬಂದವರ ಮುಂದೆ ಹೆಣ್ಣಿಗೆ ಒಳ್ಳೆಯ ಸೀರೆ ಉಡಿಸುವುದು ಸಂಪ್ರದಾಯ. ಗಂಡಿಗಿರುವ ರೋಗವನ್ನು ಮುಚ್ಚಿಟ್ಟು ಅಕ್ಷತೆ ಹಾಕಿಸುವುದು ಪಾಪ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕಟ್ಟಿದವರು ಆ ಮದುವೆಯಲ್ಲಿ ಬಾಳಬೇಕಾದ ಹೆಣ್ಣನ್ನು ಕೇಳಿರಲಾರರು. ಮುಚ್ಚಿಟ್ಟದ್ದು ತಪ್ಪೆ ಅಲ್ಲವೆ ಎಂಬುದು, ನಮ್ಮ ಮಾತನ್ನು ನಂಬಿದವನು ಏನನ್ನು ಪಣಕ್ಕಿಡುತ್ತಾನೆ ಎಂಬುದರ ಮೇಲೆ ನಿಂತಿದೆ.

ಹಾಗಾದರೆ ನಾಡನ್ನು ಹೊಗಳುವ ಚಿತ್ರವನ್ನು ನಂಬಿ ಪಣವಿಡುವವರು ಯಾರು? ಪ್ರವಾಸಿ ನಾಲ್ಕು ದಿನ ಇದ್ದು ಹೋಗುತ್ತಾನೆ, ಅವನಿಗೆ ನಷ್ಟವಿಲ್ಲ. ಕಾರಖಾನೆ ಹಾಕಲು ಬರುವವನು ಚಿತ್ರವನ್ನು ನಂಬುವುದಿಲ್ಲ, ತನ್ನ ಗುಮಾಸ್ತರನ್ನು ಕಳಿಸಿ ವಿಚಾರಿಸಿಕೊಳ್ಳುತ್ತಾನೆ. ಉಳಿದವನು ಮೂರನೆಯ ನೋಟಕ. ಚಿತ್ರವನ್ನು ತೆಗೆದವರು ಅವನನ್ನು ನೆನೆದೇ ಇರುವುದಿಲ್ಲ. ಅವನೇ ಆ ನಾಡಿನ ಮಗ. ಹೊರಗಿನವರಿಗೆಂದು ಬರೆಸಿದ ಚಿತ್ರವೇ ಕಾಲ ಕಳೆದಂತೆ ಅವನ ಕನ್ನಡಿಯಾಗುತ್ತದೆ. ನನ್ನ ತಂಗಿಯ ಮಗನಿಗೆ ಆ ದಿನ ಆದದ್ದು ಅದೇ. ತನ್ನ ಅಜ್ಜಿಯ ಮನೆ ಹೋದ ಕಾಲದ ತನ್ನ ನಾಡನ್ನು ಅವನು ಮೊದಲು ಕಂಡದ್ದು ಆ ಸುಖಿಯಾದ ಕಂಠದ ಮೂಲಕ.

ಈ ಪ್ರಶ್ನೆ ಬರಿಯ ಸರಕಾರಿ ಚಿತ್ರಗಳದ್ದೆಂದು ತಿಳಿಯಬಾರದು. ಮಹಾಪ್ರತಿಭೆಯ ಕೈಗೆ ಬಂದಾಗಲೂ ಅದು ಬಿಗಡಾಯಿಸಿದ ಉದಾಹರಣೆ ಒಂದುಂಟು. ಸಿಕ್ಕಿಂ ಇನ್ನೂ ಭಾರತದ ರಕ್ಷಣೆಯಲ್ಲಿದ್ದ ಪ್ರತ್ಯೇಕ ರಾಜ್ಯವಾಗಿದ್ದಾಗ ಅಲ್ಲಿನ ಅರಸ ಪಾಲ್ದೆನ್ ಥೊಂಡುಪ್ ನಾಮ್‌ಗ್ಯಾಲ್ ತನ್ನ ನಾಡನ್ನು ಲೋಕಕ್ಕೆ ಪರಿಚಯಿಸುವ ಚಿತ್ರವೊಂದನ್ನು ಮಾಡಿಕೊಡುವಂತೆ ಸತ್ಯಜಿತ್ ರಾಯ್ ಅವರನ್ನು ಕೇಳಿಕೊಂಡ. 1971ರಲ್ಲಿ ಸಿದ್ಧವಾದ 'ಸಿಕ್ಕಿಂ' ಎಂಬ ಆ ಚಿತ್ರ ಸುಮಾರು ಒಂದು ಗಂಟೆಯದು. ಬಣ್ಣದ ಚಿತ್ರ; ಸಂಗೀತವೂ ರಾಯ್ ಅವರದೇ, ಹಿನ್ನೆಲೆಯ ಮಾತೂ ಅವರದೇ. ಕಾಂಚನಗಂಗೆಯ ಹಿಮ, ಬೌದ್ಧ ವಿಹಾರಗಳು, ಲೆಪ್ಚಾ, ಭೂಟಿಯಾ, ನೇಪಾಳಿ ಜನ. ಮೊದಲಲ್ಲಿಯೇ ಒಂದು ನೋಟವಿದೆ. ಕಣಿವೆಯ ಮೇಲೆ ಹಗ್ಗದ ದಾರಿಯಲ್ಲಿ ಎರಡು ತೊಟ್ಟಿಲುಗಳು ಎದುರು ಬದುರಾಗಿ ಬರುತ್ತಿರುತ್ತವೆ. ಅವು ಕೂಡುವ ಹೊತ್ತಿಗೆ ಸರಿಯಾಗಿ ನೋಟ ಬದಲಾಗಿ, ಮಳೆಯಲ್ಲಿ ನೆನೆದ ಒಂದು ತಂತಿಯ ಮೇಲೆ ಎರಡು ಹನಿಗಳು ಒಂದರ ಕಡೆಗೊಂದು ಜಾರಿ ಬರುತ್ತವೆ. ಅಷ್ಟೆ. ಅದನ್ನು ಕಂಡವನಿಗೆ ಆ ನಾಡನ್ನು ಪ್ರೀತಿಸದೆ ಇರುವುದು ಕಷ್ಟ. ಕೊನೆಯಲ್ಲಿ ಮಕ್ಕಳು ನಗುತ್ತ ಹಾಡುತ್ತ ಇರುತ್ತಾರೆ. ಹೊಗಳಿಕೆ ಎಂದರೆ ಇದು. ಪ್ರೀತಿಯಿಂದ ಬಂದದ್ದು, ಸಂಬಳದಿಂದ ಬಂದದ್ದಲ್ಲ.

ಆದರೆ ರಾಯ್ ಮೊದಲು ಕೊಟ್ಟ ಚಿತ್ರ ಅರಮನೆಗೆ ಹಿಡಿಸಲಿಲ್ಲ. ಅರಮನೆಯ ಹಬ್ಬದೂಟವಾದ ಮೇಲೆ ಉಳಿದ ಅನ್ನಕ್ಕಾಗಿ ಬಡವರು ಹಿಂದುಗಡೆ ಮುಗಿಬೀಳುವ ನೋಟವನ್ನೂ ಅವರು ಅದರಲ್ಲಿ ಸೇರಿಸಿದ್ದರೆಂದು ಅವರ ಬಾಳನ್ನು ಬರೆದವರು ಹೇಳುತ್ತಾರೆ. ಅದನ್ನು ತೆಗೆಯಬೇಕಾಯಿತು, ಬೇರೆ ಹಲವು ಕಡೆಯೂ ತಿದ್ದಬೇಕಾಯಿತು. ಮುಂದೆ ನಡೆದದ್ದು ಇನ್ನೂ ವಿಚಿತ್ರ. 1975ರಲ್ಲಿ ಅರಸೊತ್ತಿಗೆ ಅಳಿದು ಸಿಕ್ಕಿಂ ಭಾರತದ 22ನೆಯ ರಾಜ್ಯವಾಯಿತು. ಅಳಿದ ಅರಸೊತ್ತಿಗೆಯನ್ನು ಕೊಂಡಾಡುವ ಚಿತ್ರವೆಂದು ಭಾರತ ಸರಕಾರ ಅದರ ಮೇಲೆ ನಿಷೇಧ ಹಾಕಿತು. ನಿಷೇಧ ತೆರವಾದದ್ದು 2010ರಲ್ಲಿ. ಅರಸ 1982ರಲ್ಲಿಯೂ ರಾಯ್ 1992ರಲ್ಲಿಯೂ ತೀರಿಕೊಂಡಿದ್ದರು. ಒಂದೇ ಚಿತ್ರ ಅರಸನಿಗೆ ಹೊಗಳಿಕೆ ಸಾಲದಾಯಿತು, ಸರಕಾರಕ್ಕೆ ಹೆಚ್ಚಾಯಿತು. ಇಬ್ಬರೂ ಅದರಲ್ಲಿ ತಮ್ಮನ್ನೇ ನೋಡಿಕೊಂಡರು. ತಂತಿಯ ಮೇಲಿನ ಆ ಎರಡು ಹನಿಗಳನ್ನು ಇಬ್ಬರೂ ನೋಡಲಿಲ್ಲವೆಂದು ತೋರುತ್ತದೆ.

ಆ ಒಂದು ನೋಟವನ್ನು ತೆಗೆದಿದ್ದರಿಂದ ಉಳಿದ ಚಿತ್ರ ಸುಳ್ಳಾಯಿತೆ? ಹನಿ ಸುಳ್ಳಾಗಲಿಲ್ಲ, ಮಕ್ಕಳ ನಗೆ ಸುಳ್ಳಾಗಲಿಲ್ಲ. ಸುಳ್ಳಾದದ್ದು ಊಟ ಮಾತ್ರ. ಹಿಂದುಗಡೆಯ ಹಸಿವನ್ನು ಕಂಡ ಕಣ್ಣಿಗೆ ಮುಂದುಗಡೆಯ ಊಟ ಬೇರೆ ಊಟವಾಗುತ್ತದೆ. ಕಾಂಚನಗಂಗೆಯನ್ನು ತೋರಿಸುವಾಗ ಹಸಿದವರನ್ನು ತೋರಿಸದೆ ಇದ್ದರೆ ಅದು ಬರಿಯ ಆಯ್ಕೆ. ಊಟವನ್ನು ತೋರಿಸುವಾಗ ಆ ಊಟದ ಎಂಜಲಿಗೆ ಕೈಚಾಚಿದವರನ್ನು ತೆಗೆದುಹಾಕಿದರೆ ಅದು ಆಯ್ಕೆಯಲ್ಲ, ಕತ್ತರಿ. ಕಾಂಚನಗಂಗೆಗೂ ಹಸಿವಿಗೂ ಸಂಬಂಧವಿಲ್ಲ. ಊಟಕ್ಕೂ ಹಸಿವಿಗೂ ಇದೆ. ಸಂಬಂಧವಿಲ್ಲದ್ದನ್ನು ಬಿಡಬಹುದು. ಸಂಬಂಧವನ್ನು ಬಿಡಬಾರದು.

ಹಾಗೆಂದು ಹೊಗಳಿಕೆಯನ್ನು ಬಿಟ್ಟು ಬರಿಯ ಕೊರತೆಯನ್ನು ತೋರಿಸಿದರೆ ಸತ್ಯ ಸಿಕ್ಕಿತೆ? ಹಾಗೆ ನಂಬುವವರು ಇಂದು ಬಹಳ ಮಂದಿ. ಅವರಿಗಾಗಿ ಇನ್ನೊಂದು ಉದಾಹರಣೆಯನ್ನು ಹೇಳಬೇಕು. ಸ್ಪೇನಿನ ಲಾಸ್ ಉರ್ದೆಸ್ ಎಂಬ ಬಡ ಗುಡ್ಡಗಾಡನ್ನು ಕುರಿತು ಲೂಯಿ ಬುನ್ಯುಯೆಲ್ 1933ರಲ್ಲಿ ಅರ್ಧ ಗಂಟೆಯ ಚಿತ್ರವೊಂದನ್ನು ತೆಗೆದ. ಪ್ರವಾಸಚಿತ್ರಗಳ ಅದೇ ಹದವಾದ ಕಂಠದಲ್ಲಿ ಹಸಿವು, ರೋಗ, ಸಾವುಗಳನ್ನು ಒಂದಾದ ಮೇಲೊಂದು ಹೇಳಿಸಿದ. ದೇಶದ ಮಾನ ಹೋಯಿತೆಂದು ಅಲ್ಲಿನ ಸರಕಾರ ಅದನ್ನು ನಿಷೇಧಿಸಿತು. ಧೈರ್ಯದ ಕೃತಿ, ಸಂದೇಹವಿಲ್ಲ. ಆದರೆ ಅದರಲ್ಲಿ ಒಂದು ಮೇಕೆ ಬಂಡೆಯಿಂದ ಉರುಳಿ ಸಾಯುವ ನೋಟವಿದೆ. ಇಲ್ಲಿ ಮೇಕೆಗಳು ಹೀಗೆ ಬಿದ್ದಾಗ ಮಾತ್ರ ಜನಕ್ಕೆ ಮಾಂಸ ಎಂದು ಕಂಠ ಹೇಳುತ್ತಿರುವಂತೆಯೇ ಚಿತ್ರದ ಅಂಚಿನಲ್ಲಿ ಬಂದೂಕಿನ ಹೊಗೆ ಕಾಣಿಸುತ್ತದೆ. ಮೇಕೆ ಬೀಳಲಿಲ್ಲ, ಬೀಳಿಸಿದರು. ಮುಂದೆ ಒಂದು ಕತ್ತೆಯನ್ನು ಜೇನುಹುಳುಗಳು ಮುತ್ತಿ ಕೊಲ್ಲುವುದನ್ನು ತೋರಿಸುವುದಕ್ಕೆ ಅದರ ಮೈಗೆ ಜೇನು ಸವರಿದರಂತೆ. ಊರಿನ ಬಡತನ ನಿಜವಾಗಿಯೇ ಘೋರವಾಗಿತ್ತು. ಅದು ಸಾಲದೆ ಹೋಯಿತು, ಬಂದೂಕು ಬೇಕಾಯಿತು. ಹೊಗಳುವವನು ಹಿತ್ತಲಿಗೆ ತೆರೆ ಕಟ್ಟುತ್ತಾನೆ. ತೆಗಳುವವನು ಕೆಲವು ಸಲ ಹಿತ್ತಲಿಗೆ ಕಸ ತಂದು ಸುರಿಯುತ್ತಾನೆ. ಆದ್ದರಿಂದ ಕಹಿಯಾದದ್ದೆಲ್ಲ ಸತ್ಯವೆಂದು ತಿಳಿಯುವುದು ಸಿಹಿಯಾದದ್ದೆಲ್ಲ ಸತ್ಯವೆಂದು ತಿಳಿಯುವಷ್ಟೇ ಬಾಲಿಶ.

ಹೊಗಳಬೇಕು, ಆದರೆ ಸಂಬಂಧವನ್ನು ಮುರಿಯದೆ ಹೊಗಳಬೇಕು. ಇದು ಸಾಧ್ಯವೆ? ಸಾಧ್ಯವೆಂಬುದಕ್ಕೆ ಕನ್ನಡ ಅಧ್ಯಾಪಕನಾದ ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಮೊದಲ ಮಹಾಕವಿಯೇ ಒಬ್ಬ ಅರಸನನ್ನು ಹೊಗಳಲು ಕುಳಿತವನು. ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ, 941ರಲ್ಲಿ ಮುಗಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ಒಡೆಯನನ್ನು ಅರ್ಜುನನೊಡನೆ ಒಂದು ಮಾಡಿದ. ಆ ಹೊಗಳಿಕೆಗಾಗಿ ಕಥೆಯನ್ನೂ ತಿರುಗಿಸಿದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಕೊನೆಯಲ್ಲಿ ಪಟ್ಟವನ್ನೂ ಅರ್ಜುನನಿಗೇ ಕಟ್ಟಿಸಿದ. ಇಷ್ಟೆಲ್ಲ ಮಾಡಿದವನು, ಆ ಅರ್ಜುನನ ಬಾಣದಿಂದಲೇ ಸತ್ತ ಕರ್ಣನ ಮುಂದೆ ಬಂದಾಗ ಏನು ಮಾಡಿದ? ಭಾರತದಲ್ಲಿ ಬೇರೆ ಯಾರನ್ನು ನೆನೆಯದಿದ್ದರೂ ಕರ್ಣನನ್ನು ಮಾತ್ರ ನೆನೆಯಿರೆಂದು ಓದುಗನನ್ನು ಬೇಡಿಕೊಂಡ. ಗೆದ್ದವನ ಗೆಲುವಿನ ಬೆಲೆ ಏನೆಂಬುದನ್ನು ಗೆದ್ದವನ ಕಾವ್ಯದಲ್ಲಿಯೇ ಬರೆದಿಟ್ಟ.

ಪಂಪನ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಈಚೆಗೆ ಅರಿಕೇಸರಿಯ ಮೇಲೂ ಗೌರವ ಹೆಚ್ಚುತ್ತಿದೆ. ತನ್ನ ಹೊಗಳಿಕೆಯ ಕಾವ್ಯದ ನಡುವೆ ತಾನು ಕೊಂದವನ ಮೇಲಿನ ಕಣ್ಣೀರನ್ನು ಆತ ಕೇಳಿಸಿಕೊಂಡ. ಕತ್ತರಿ ತರಿಸಲಿಲ್ಲ, ಕವಿಗೆ ಅಗ್ರಹಾರ ಕೊಟ್ಟ. ಒಡೆಯನ ದೊಡ್ಡತನವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ತಿಳಿಯದು: ತನ್ನ ಹೊಗಳಿಕೆಯ ಒಳಗೆ ಅವನು ಎಷ್ಟು ಕರ್ಣನನ್ನು ಸಹಿಸಬಲ್ಲ? ಸಿಕ್ಕಿಮಿನ ಅರಸ ಹಿಂದಿನ ಬಾಗಿಲಿನ ನಾಲ್ಕು ಜನ ಹಸಿದವರನ್ನು ಸಹಿಸಲಿಲ್ಲ. ಆ ನೋಟ ಉಳಿದಿದ್ದರೆ ಅವನ ಮನೆತನಕ್ಕೆ ಕುಂದು ಬರುತ್ತಿತ್ತೆ, ಅಥವಾ ಹಸಿವನ್ನು ನೋಡಬಲ್ಲ ಅರಸನೆಂಬ ಹೆಸರು ಬರುತ್ತಿತ್ತೆ?

ಈಗ ಅಮ್ಮ ಎತ್ತಿದ ಪ್ರಶ್ನೆಗೆ ಮರಳೋಣ. ನಮ್ಮ ಆ ಹಳೆಯ ಪ್ರವಾಸಚಿತ್ರದಲ್ಲಿ ತಪ್ಪಿದ್ದು ಎಲ್ಲಿ? ನಾನು ಪಾಠ ಹೇಳುವ ವ್ಯಾಕರಣವೇ ಇದಕ್ಕೆ ಉತ್ತರ ಕೊಟ್ಟಿತು. ಕನ್ನಡದಲ್ಲಿ 'ಊ' ಎಂದು ಒಂದು ಅವ್ಯಯವಿದೆ, ಸಮುಚ್ಚಯಕ್ಕೆ ಬರುತ್ತದೆ. ರಾಮನೂ ಲಕ್ಷ್ಮಣನೂ ಎನ್ನುತ್ತೇವೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡುವ ಸುಲಭದ ಉಪಾಯ. ಪ್ರವಾಸಚಿತ್ರದ ವ್ಯಾಕರಣವೆಲ್ಲ ಈ 'ಊ' ಒಂದರಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಅರಮನೆಯೂ ಉಂಟು, ಕಾರಖಾನೆಯೂ ಉಂಟು. ಜಲಪಾತವೂ ಉಂಟು, ವಿದ್ಯುತ್ತೂ ಉಂಟು. ಅರಮನೆಗೂ ರೇಷ್ಮೆಯ ಮಗ್ಗಕ್ಕೂ 'ಊ' ಸಲ್ಲಬಹುದು. ಜಲಪಾತಕ್ಕೂ ವಿದ್ಯುತ್ತಿಗೂ ಸಲ್ಲುತ್ತದೆಯೆ? ಅವೆರಡಕ್ಕೂ ಇರುವುದು ಒಂದೇ ಹೊಳೆ. ಯಂತ್ರಕ್ಕೆ ಹೋದ ನೀರು ಬಂಡೆಯಿಂದ ಧುಮುಕುವುದಿಲ್ಲ. ಧುಮುಕಿದ ನೀರು ಯಂತ್ರವನ್ನು ತಿರುಗಿಸುವುದಿಲ್ಲ. ಬೇಸಿಗೆಯಲ್ಲಿ ಜೋಗಕ್ಕೆ ಹೋದವರಿಗೆ ಇದು ಗೊತ್ತು. ಕರಿಯ ಬಂಡೆಯ ಮೇಲೆ ನಾಲ್ಕು ನೂಲಿನ ಎಳೆ ಕಂಡು ಹಿಂದಿರುಗಿರುತ್ತಾರೆ. ಜೋಗದ ವೈಭವದ ಬಹುಪಾಲನ್ನು ಕೊಟ್ಟು ನಾವು ದೀಪವನ್ನು ಪಡೆದೆವು. ಅಲ್ಲಿಗೆ ಬೇಕಾದದ್ದು 'ಊ' ಅಲ್ಲ, 'ಕೊಟ್ಟು' ಎಂಬ ಕ್ರಿಯೆ.

ಕೊಟ್ಟ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಕೆಲಸಕ್ಕೆ ತೊಡಗಿದಾಗ ಅದಕ್ಕಾಗಿ ಹಿರೇಭಾಸ್ಕರದಲ್ಲಿ, ಎಂದರೆ ಮಡೇನೂರಿನಲ್ಲಿ, ಒಂದು ಅಣೆಕಟ್ಟು ಕಟ್ಟಿದ್ದರು. ಹದಿನಾರು ವರ್ಷದ ಮೇಲೆ ಲಿಂಗನಮಕ್ಕಿ ಬಂದಾಗ ಆ ಅಣೆಕಟ್ಟೇ ಮುಳುಗಿತು. ಊರನ್ನು ಮುಳುಗಿಸಿದ ಅಣೆಕಟ್ಟನ್ನು ಮುಳುಗಿಸಿದ ಅಣೆಕಟ್ಟು! ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಅದು ನೀರಿನಿಂದ ತಲೆಯೆತ್ತುತ್ತದೆ. ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರೆ. ಒಂದು ಕಾಲದ ನಷ್ಟ ಇನ್ನೊಂದು ಕಾಲಕ್ಕೆ ಪ್ರೇಕ್ಷಣೀಯ ಸ್ಥಳವಾಗುತ್ತದೆ.

ವಿದ್ಯುತ್ತು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಹಕ್ಕು ನನಗಿಲ್ಲ. ಸ್ವಿಚ್ಚು ಒತ್ತುವ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹತ್ತು ಯಂತ್ರಗಳ ಶರಾವತಿ ವಿದ್ಯುದಾಗಾರ ಸಾವಿರದ ಮೂವತ್ತೈದು ಮೆಗಾವಾಟ್ ಸಾಮರ್ಥ್ಯದ್ದು; ಈ ನಾಡಿನ ಎಷ್ಟೋ ಕಾರಖಾನೆ, ಎಷ್ಟೋ ಆಸ್ಪತ್ರೆ, ಎಷ್ಟೋ ಓದುವ ಮಕ್ಕಳು ಅದರ ಬೆಳಕಿನಲ್ಲಿ ಬಾಳಿವೆ. ಅದನ್ನು ಕಟ್ಟಿದವರ ಶ್ರಮ ಹೊಗಳಿಕೆಗೆ ಯೋಗ್ಯವೇ. ನನ್ನ ಮಾತು ಇಷ್ಟೆ: ಬೆಲೆಯನ್ನು ಹೇಳದೆ ವಸ್ತುವನ್ನು ಹೊಗಳಿದರೆ, ಬೆಲೆ ತೆತ್ತವನನ್ನು ಎರಡನೆಯ ಸಲ ಮುಳುಗಿಸಿದ ಹಾಗೆ. ಮೊದಲ ಸಲ ಅವನ ಮನೆ ಮುಳುಗಿತು. ಎರಡನೆಯ ಸಲ ಅವನು ಕೊಟ್ಟನೆಂಬುದೇ ಮುಳುಗುತ್ತದೆ. ಮೊದಲನೆಯದಕ್ಕೆ ಪರಿಹಾರವೆಂದು ಒಂದಿಷ್ಟು ಹಣ, ಒಂದಿಷ್ಟು ಭೂಮಿ ಎಂದಾದರೂ ಉಂಟು. ಎರಡನೆಯದಕ್ಕೆ ಹೊಗಳುವವನ ಮಾತಿನ ಹೊರತು ಪರಿಹಾರವಿಲ್ಲ. ಅದಕ್ಕೇ ಅವನಿಗೆ ಋಣವಿದೆ ಎಂದದ್ದು.

ಈ ಋಣವನ್ನು ತೀರಿಸಿದವರೂ ನಮ್ಮಲ್ಲಿ ಇದ್ದಾರೆ. ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು. ಶರಾವತಿಯ ಯೋಜನೆಯನ್ನು ಒಳಗಿನಿಂದ ಕಂಡವರು. ಆ ಅನ್ನವನ್ನು ಉಣ್ಣುತ್ತಲೇ 'ಮುಳುಗಡೆ'ಯನ್ನೂ 'ದ್ವೀಪ'ವನ್ನೂ ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರೊಬ್ಬರು ಹೋದಂತಾಯಿತು. ಅಣೆಕಟ್ಟನ್ನು ಕಟ್ಟಿದ ಕೈಗಳ ನಡುವೆಯೇ ಕರ್ಣನನ್ನು ನೆನೆಯುವ ಕೈಯೊಂದು ಇತ್ತು. ಅದಕ್ಕಾಗಿ ಯಾರೂ ಅಣೆಕಟ್ಟನ್ನು ಒಡೆಯಬೇಕಾಗಲಿಲ್ಲ.

ಅರಿಕೇಸರಿಯ ಕಾಲ ಹೋಯಿತು. ಈಗ ನಾಡನ್ನು ಹೊಗಳುವ ಚಿತ್ರಗಳಿಗೆ ಹಣ ಕೊಡುವ ಒಡೆಯ ಯಾರು? ತೆರಿಗೆ ಕೊಡುವ ನಾವೇ. ಹಾಗಾದರೆ ಕರ್ಣನನ್ನು ಸಹಿಸುವ ಪರೀಕ್ಷೆಯೂ ನಮ್ಮದೇ. ಈಗಿನ ಪ್ರವಾಸಚಿತ್ರಗಳು ಆಕಾಶದಿಂದ ತೆಗೆದವು, ಕಣ್ಣು ಕೋರೈಸುವಂಥವು. ಹಿನ್ನೀರನ್ನು ತೋರಿಸುವಾಗ ಅದು ದೇವರು ಹಾಸಿದ ನೀಲಿ ಜಮಖಾನದಂತೆ ಕಾಣುತ್ತದೆ. ಅದರ ಅಡಿಯಲ್ಲಿ ಊರಿದೆ ಎಂದು ಒಂದೇ ಒಂದು ವಾಕ್ಯವನ್ನು ಸೇರಿಸಿದರೆ ಪ್ರವಾಸಿ ಬಾರದೆ ಹೋಗುತ್ತಾನೆಯೆ? ಬರುತ್ತಾನೆ, ಬಂದು ಆ ನೀರನ್ನು ಇನ್ನೂ ಸ್ವಲ್ಪ ಹೊತ್ತು ನೋಡುತ್ತಾನೆ. ಅಡಿಯಲ್ಲಿ ಬಾಳು ಇದ್ದ ನೀರಿಗೆ ಬರಿಯ ನೀರಿಗಿಲ್ಲದ ಒಂದು ಘನತೆಯಿದೆ. ಸತ್ಯವನ್ನು ಸೇರಿಸಿದರೆ ಹೊಗಳಿಕೆ ಕಡಮೆಯಾಗುತ್ತದೆಂದು ಹೆದರುವವನಿಗೆ ತಾನು ಹೊಗಳುತ್ತಿರುವ ವಸ್ತುವಿನ ಮೇಲೆಯೇ ನಂಬಿಕೆ ಇಲ್ಲವೆನ್ನಬೇಕು.

ಅಮ್ಮ ಆ ದಿನ ಇನ್ನೊಂದು ಮಾತು ಆಡಿದರು. ಚಿತ್ರ ಮುಗಿದು, ಹುಡುಗ ಮೊಬೈಲನ್ನು ಜೇಬಿಗೆ ಸೇರಿಸುವುದರಲ್ಲಿದ್ದಾಗ, "ಆ ಜೋಗದ್ದು ಇನ್ನೊಂದು ಸಲ ಹಾಕು" ಎಂದರು. ಹುಡುಗ ಹಾಕಿದ. ಕಣ್ಣನ್ನು ಹತ್ತಿರ ತಂದು ನೋಡಿದರು. ಮದುವೆಗೆ ಮುಂಚೆ, ಮುಳುಗಡೆಗೂ ಮುಂಚೆ, ಅಜ್ಜನ ಜೊತೆ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿದ್ದರಂತೆ; ಆಗ ಇಷ್ಟೇ ನೀರಿತ್ತಂತೆ. ಯಂತ್ರಗಳ ನೋಟ ಬಂದಾಗ ಮುಖ ತಿರುಗಿಸಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ತಿರುಗಿಸಿಕೊಳ್ಳಲಿಲ್ಲ, ಅದನ್ನೂ ಅಷ್ಟೇ ಗಮನವಿಟ್ಟು ನೋಡಿದರು. ಆಮೇಲೆ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟು, "ಹೋದದ್ದೂ ನಮ್ಮದೇ, ಬಂದದ್ದೂ ನಮ್ಮದೇ ಕಣೋ. ಎರಡನ್ನೂ ಹೇಳಬೇಕಾಗಿತ್ತು, ಅಷ್ಟೆ" ಎಂದು, ದೀಪ ಹಚ್ಚುವ ಹೊತ್ತಾಯಿತೆಂದು ಎದ್ದು ಒಳಗೆ ಹೋದರು.

ಆ ಮಾತಿನಲ್ಲಿಯೂ ಎರಡು 'ಊ'ಗಳಿವೆ. ಆದರೆ ಅವು ಲೆಕ್ಕವನ್ನು ಪೂರ್ತಿ ಬರೆದವರು ಆಡಿದ 'ಊ'ಗಳು.